ವೈಲ್ ಲೂಪ್ (ಒಂದು ಷರತ್ತು ನಿಜವಿರುವವರೆಗೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಪ್ರೋಗ್ರಾಮಿನ ಭಾಗ) ಸರಿಯಿದೆ ಅಂತ ಓಡಿಸದೆಯೇ ಸಾಬೀತು ಮಾಡಬಹುದೇ?

ಮಾಡಬಹುದು. 1969ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಇದಕ್ಕೆ ನಿಯಮಗಳನ್ನು ಕೊಟ್ಟರು. ಫ್ಲೋಚಾರ್ಟ್‌ಗಳ (ಪ್ರೋಗ್ರಾಮಿನ ಹೆಜ್ಜೆಗಳನ್ನು ತೋರಿಸುವ ಚಿತ್ರಗಳ) ಮೇಲೆ ರಾಬರ್ಟ್ ಫ್ಲಾಯ್ಡ್ 1967ರಲ್ಲೇ ಇಂಥದ್ದನ್ನು ಮಾಡಿದ್ದರು.

ಉಪಾಯ ಇಷ್ಟೇ: ಲೂಪ್ ಎಷ್ಟು ಸಲ ಸುತ್ತಿದರೂ ಸುಳ್ಳಾಗದ ಒಂದು ಮಾತನ್ನು ಹುಡುಕಿ. ಅದೇ ಇನ್‌ವೇರಿಯಂಟ್.

1ರಿಂದ 10ರವರೆಗೆ ಕೂಡಿಸೋಣ. ಎಣಿಕೆ, ಮೊತ್ತ ಎರಡೂ 0. ಎಣಿಕೆ 10ಕ್ಕಿಂತ ಕಡಿಮೆ ಇರುವವರೆಗೆ ಅದಕ್ಕೆ 1 ಸೇರಿಸಿ, ಬಂದದ್ದನ್ನು ಮೊತ್ತಕ್ಕೆ ಕೂಡಿಸಿ. ಇಲ್ಲಿ ಸುಳ್ಳಾಗದ ಮಾತು: ಮೊತ್ತ = ಎಣಿಕೆ × (ಎಣಿಕೆ + 1) ÷ 2, ಮತ್ತು ಎಣಿಕೆ 10 ದಾಟಿಲ್ಲ. ಶುರುವಲ್ಲಿ 0 = 0, ಸರಿ. ಎಣಿಕೆ 4, ಮೊತ್ತ 10 ಇದ್ದಾಗ ಒಂದು ಸುತ್ತು ಹೋದರೆ 5 ಮತ್ತು 15, ಮಾತು ಉಳಿಯಿತು. (ಇದು ಸುಮ್ನೆ ಒಂದು ಉದಾಹರಣೆ. ಸಾಬೀತಿಗೆ ಎಲ್ಲ ಎಣಿಕೆಗೂ ಬೀಜಗಣಿತದಲ್ಲಿ ತೋರಿಸಬೇಕು, ಎರಡು ಸಾಲಿನ ಕೆಲಸ.) ಲೂಪಿನಿಂದ ಹೊರಬಿದ್ದಾಗ ಎಣಿಕೆ 10ಕ್ಕಿಂತ ಕಡಿಮೆಯಿಲ್ಲ, ದಾಟಿಯೂ ಇಲ್ಲ. ಅಂದರೆ 10 ಆಗಲೇಬೇಕು, ಅಲ್ವಾ? ಮೊತ್ತ 55.

ಒಂದು ಕೊಕ್ಕೆ ಇದೆ. ಲೂಪ್ ನಿಲ್ಲುತ್ತದೆ ಅಂತ ಇದು ಹೇಳುವುದಿಲ್ಲ, ನಿಂತರೆ ಉತ್ತರ ಸರಿ ಅಂತಷ್ಟೇ. ನಿಲ್ಲುವುದಕ್ಕೆ ಬೇರೆ ಸಾಬೀತು ಬೇಕು: 10 − ಎಣಿಕೆ ಪ್ರತಿ ಸುತ್ತಿಗೂ ಇಳಿಯುತ್ತದೆ, 0ಗಿಂತ ಕೆಳಗೆ ಹೋಗುವುದಿಲ್ಲ. ನನ್ನ ಪ್ರಕಾರ ಜಾಸ್ತಿ ಕಷ್ಟ ನಿಯಮದಲ್ಲಿಲ್ಲ, ಸರಿಯಾದ ಇನ್‌ವೇರಿಯಂಟ್ ಹೊಳೆಯುವುದರಲ್ಲಿದೆ.