ಜೋಳ ಹಸನು ಮಾಡುವವರು

ಪತ್ರ: “ಮಾನ್ಯ ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಮೋರೇರ ಗುಡ್ಡದ ಧಾರಾವಾಹಿಯನ್ನು ನಮ್ಮ ಶಾಲೆಯ ಮಕ್ಕಳು ತಪ್ಪದೆ ಓದುತ್ತಾರೆ. ಅದರ ಲೇಖಕರು ಮೊನ್ನೆ ಸಿಕ್ಕಿದ್ದರು. ಮೊದಲ ಮೂರು ಅಧ್ಯಾಯಗಳನ್ನು ನೀವು ತೆಗೆಸಿದಿರಂತೆ. ಹ್ಯಾರಿ ಪಾಟರ್ ಪುಸ್ತಕಕ್ಕೆ ಅಮೆರಿಕದಲ್ಲಿ ಹೆಸರನ್ನೇ ಬದಲಿಸಿದರೆಂದು ಓದಿದ್ದೆ, ಅದು ನೆನಪಾಯಿತು. ಬೆಳೆದವನಿಗೂ ಕೊಳ್ಳುವವನಿಗೂ ನಡುವೆ ದಲಾಲಿ ಕೂತ ಹಾಗೆ ಬರೆದವನಿಗೂ ಓದುವವನಿಗೂ ನಡುವೆ ಸಂಪಾದಕ ಯಾಕೆ ಬೇಕು?”
— ಪ್ರೌಢಶಾಲೆಯ ಕನ್ನಡ ಶಿಕ್ಷಕರು, ಸಿಂಧನೂರು

ಗುರುಗಳೇ,

ದಲಾಲಿ ಎಂಬ ಮಾತು ನಾಟಿತು. ನೀವು ಭತ್ತದ ಸೀಮೆಯವರು, ಆ ಮಾತಿನ ತೂಕ ಗೊತ್ತಿದ್ದೇ ಬರೆದಿದ್ದೀರಿ. ಆದ್ದರಿಂದ ಉತ್ತರವೂ ಸ್ವಲ್ಪ ಉದ್ದವಾಗುತ್ತದೆ.

ಮೊದಲು ನಿಮ್ಮ ಪರವಾದ ಮಾತು ಹೇಳಿಬಿಡುತ್ತೇನೆ. 1997ರಲ್ಲಿ ಇಂಗ್ಲೆಂಡಿನಲ್ಲಿ ‘ಫಿಲಾಸಫರ್ಸ್ ಸ್ಟೋನ್’ ಆಗಿದ್ದ ಪುಸ್ತಕ ಮರುವರ್ಷ ಅಮೆರಿಕದಲ್ಲಿ ‘ಸಾರ್ಸರರ್ಸ್ ಸ್ಟೋನ್’ ಆಯಿತು. ಪರುಷದ ಕಲ್ಲಿನ ಕಥೆ ಅದು. ನಮ್ಮ ಕಡೆ ಪರುಷ ಎಂದರೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಗೊತ್ತು. ಅಲ್ಲಿ ಮಾತ್ರ ಮಕ್ಕಳು ಆ ಹೆಸರು ನೋಡಿ ಪುಸ್ತಕ ಮುಟ್ಟಲಿಕ್ಕಿಲ್ಲ ಎಂದು ಪ್ರಕಾಶಕರು ಹೆದರಿದರು. ಒಪ್ಪಿಗೆ ಕೊಟ್ಟದ್ದಕ್ಕೆ ಲೇಖಕಿ ಆಮೇಲೆ ನೊಂದುಕೊಂಡರು. ಹೆಂಗಸಿನ ಹೆಸರಿದ್ದರೆ ಹುಡುಗರು ಓದಲಾರರು ಎಂದು ಪ್ರಕಾಶಕರು ಎರಡು ಇನಿಷಿಯಲ್ ಕೇಳಿದಾಗ, ಒಂದೇ ಹೆಸರಿದ್ದ ಜೋಆನ್ ರೌಲಿಂಗ್ ಅಜ್ಜಿ ಕ್ಯಾಥ್ಲೀನ್ ಹೆಸರಿನಿಂದ ‘ಕೆ’ ಅಕ್ಷರ ತಂದುಕೊಂಡು ಜೆ.ಕೆ. ರೌಲಿಂಗ್ ಆದರು. ಇವು ಅಂಗಡಿಯ ಲೆಕ್ಕಾಚಾರಗಳು. ಇವನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಅದೇ ಮಾಲೆಯ ಇನ್ನೊಂದು ಸಂಗತಿ ಕೇಳಿ. 2000ದಲ್ಲಿ ಬಂದ ನಾಲ್ಕನೆಯ ಪುಸ್ತಕದ ಕೊನೆಯಲ್ಲಿ ಖಳನ ಮಂತ್ರದಂಡದಿಂದ ಅವನು ಕೊಂದವರ ನೆರಳುಗಳು ಹಿಂದುಮುಂದಾಗಿ ಹೊರಬರುತ್ತವೆ, ಕೊನೆಗೆ ಸತ್ತವರು ಮೊದಲು. ಹ್ಯಾರಿಯ ತಾಯಿ ತಂದೆಯ ನಂತರ ಸತ್ತವಳು, ಹಾಗಾಗಿ ಅವಳೇ ಮೊದಲು ಬರಬೇಕು. ಅಚ್ಚಿನಲ್ಲಿ ತಂದೆ ಮೊದಲು ಬಂದ. ಲೇಖಕಿ ಬರೆದದ್ದು ಸರಿಯಾಗಿಯೇ ಇತ್ತು. ಅಮೆರಿಕದ ಸಂಪಾದಕರು ಕೆಲಸದ ಗಡಿಬಿಡಿಯಲ್ಲಿ ‘ಇದು ತಿರುವುಮುರುವಾಗಿದೆ’ ಎಂದರು, ದಣಿದಿದ್ದ ಲೇಖಕಿ ಬದಲಿಸಿದರು. ಆಮೇಲಿನ ಮುದ್ರಣಗಳಲ್ಲಿ ತಿದ್ದಿದರು. ನೋಡಿ, ಸಂಪಾದಕನೇ ಕೆಡಿಸಿದ ಎನ್ನುತ್ತೀರಿ. ನನಗೆ ಬೇರೆಯದೇ ಕಾಣುತ್ತದೆ. ಸತ್ತ ಇಬ್ಬರಲ್ಲಿ ಯಾರು ಮೊದಲು ಬರಬೇಕು ಎಂದು ನಿದ್ದೆಗೆಟ್ಟು ತಲೆ ಕೆಡಿಸಿಕೊಳ್ಳುವ ಇಬ್ಬರು ಅಲ್ಲಿದ್ದರು. ಅಷ್ಟು ಜನ ಓದಿಯೂ ಒಂದು ತಪ್ಪು ಉಳಿಯಿತು. ಒಬ್ಬರೂ ಓದದೆ ಅಚ್ಚಿಗೆ ಹೋಗುವ ನಮ್ಮ ಪುಸ್ತಕಗಳ ಗತಿ ಏನು?

ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಮೊದಲ ಕಾದಂಬರಿಯನ್ನು ಒಂದು ಪ್ರಕಾಶನ ಸಂಸ್ಥೆಗೆ ಕಳಿಸಿದೆ. ಒಂದು ಪ್ರಶ್ನೆ ಬರಲಿಲ್ಲ, ಒಂದು ಫೋನ್ ಬರಲಿಲ್ಲ. ಮೂರು ತಿಂಗಳಿಗೆ ಪುಸ್ತಕದ ಕಟ್ಟು ಮನೆಗೆ ಬಂತು. ಕರಡು ತಿದ್ದಿದವರು ಅಲ್ಪಪ್ರಾಣ ಮಹಾಪ್ರಾಣ ನೋಡಿದ್ದರು, ಅಷ್ಟೇ. ಕುಷ್ಟಗಿಯ ಒಂದು ಶಾಲೆಗೆ ಹೋದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಸರ್, ಎರಡನೇ ಅಧ್ಯಾಯದಾಗ ಅಕ್ಕನ ಮದುವಿ ಆಗಿ ಕನಕಗಿರಿಗೆ ಹೋದ್ಲು. ಒಂಬತ್ತನೇದರಾಗ ಆಕೀನ ನೋಡಾಕ ಗಂಡಿನವರು ಬರ್ತಾರ. ಹೆಂಗ್ರಿ?” ಎಂದ. ಆ ಮಗು ಪುಸ್ತಕವನ್ನು ನಂಬಿ ಓದಿತ್ತು. ನಂಬಿಕೆಗೆ ನಾನು ದ್ರೋಹ ಮಾಡಿದ್ದೆ. ಆವತ್ತು ರಾತ್ರಿ ಊಟ ಸೇರಲಿಲ್ಲ.

ಸಂಪಾದಕ ಎಂದರೆ ಇಂಗ್ಲಿಷರು ತಂದ ಉಪದ್ರವ ಎಂಬ ಧ್ವನಿ ನಿಮ್ಮ ಪತ್ರದಲ್ಲಿದೆ. ಕನ್ನಡ ಪಾಠ ಮಾಡುವ ನೀವು ಹೀಗೆನ್ನಬಾರದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಬರೆದವನು ಶ್ರೀವಿಜಯ, ಆದರೆ ಕೃತಿ ತನ್ನನ್ನು ಕರೆದುಕೊಳ್ಳುವುದು ‘ನೃಪತುಂಗದೇವಾನುಮತ’ ಎಂದು. ನಮಗೆ ಉಳಿದಿರುವ ಅತ್ಯಂತ ಹಳೆಯ ಕನ್ನಡ ಗ್ರಂಥದಲ್ಲೇ ಇಬ್ಬರಿದ್ದಾರೆ, ಬರೆದವನೊಬ್ಬ, ಒಪ್ಪಿದವನೊಬ್ಬ. ಕನ್ನಡದ ತಿರುಳು ಎಲ್ಲಿದೆ ಎಂದು ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ ನಮ್ಮ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸಿದ್ದೂ ಅದೇ ಗ್ರಂಥ. ಹದಿನೈದನೆಯ ಶತಮಾನಕ್ಕೆ ಬನ್ನಿ. ಬಿಡಿಬಿಡಿಯಾಗಿದ್ದ ವಚನಗಳನ್ನು ಆಯ್ದು, ಅಲ್ಲಮನ ಮಾತಿಗೆ ಅಕ್ಕನ ಮಾತು ಎದುರಾಗುವಂತೆ ಜೋಡಿಸಿ ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆ ಕಟ್ಟಿದ. ಅವನ ಜೋಡಣೆ ಸಾಲದೆಂದು ಆಮೇಲೆ ಮೂವರು ಮತ್ತೆ ಕಟ್ಟಿದರು. ಒಂದೇ ಸಾಲನ್ನು ಇಲ್ಲಿಂದ ತೆಗೆದು ಅಲ್ಲಿಟ್ಟರೆ ಅರ್ಥ ಹೇಗೆ ಬೆಳಗುತ್ತದೆ ಎಂದು ಅವರಷ್ಟು ಚೆನ್ನಾಗಿ ತಿಳಿದವರು ಕಡಿಮೆ. ಅವರನ್ನು ದಲಾಲಿಗಳು ಎನ್ನಲು ನಿಮಗೆ ಮನಸ್ಸು ಬರುತ್ತದೆಯೆ?

ಇನ್ನು ನಮ್ಮ ಧಾರಾವಾಹಿ. ಮೋರೇರ ಗುಡ್ಡ ಎಂದರೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ. ಅದನ್ನು ಹತ್ತಿದವರಿಗೆ ಗೊತ್ತು, ನೂರಾರು ಕಲ್ಲುಮನೆಗಳು, ಬಡಿದರೆ ನಗಾರಿಯ ಹಾಗೆ ದೂರದವರೆಗೆ ಮೊಳಗುವ ಬಂಡೆ. ಕುಳ್ಳ ಮೋರೇರು ಅಲ್ಲಿ ಬಾಳಿದರು ಎಂದು ಸುತ್ತಲಿನ ಊರವರು ಹೇಳುತ್ತಾರೆ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಇದಕ್ಕಿಂತ ಮಾಯಾಲೋಕ ಬೇಕೆ? ಲೇಖಕರು ತಂದ ಹಸ್ತಪ್ರತಿಯ ಮೊದಲ ಮೂರು ಅಧ್ಯಾಯಗಳಲ್ಲಿ ಮೋರೇರ ವಂಶಾವಳಿ, ಅವರ ರಾಜರು, ಅವರ ಯುದ್ಧಗಳು. ನಾಲ್ಕನೆಯದರಲ್ಲಿ ಆಡು ಮೇಯಿಸಲು ಹೋದ ಹುಡುಗಿಗೆ ಯಾರೂ ಬಡಿಯದೆ ನಗಾರಿಬಂಡೆಯ ಸದ್ದು ಕೇಳುತ್ತದೆ. ಕಥೆ ಅಲ್ಲಿಂದ ಶುರುವಾಗಬೇಕು ಎಂದೆ. ಲೇಖಕರು ಎರಡು ವಾರ ಮಾತು ಬಿಟ್ಟರು. ಆಮೇಲೆ ತಾವೇ ಬಂದು, ವಂಶಾವಳಿಯನ್ನು ಹುಡುಗಿಗೆ ಬೇಕಾದಾಗ ಬೇಕಾದಷ್ಟೇ ತಿಳಿಯುವಂತೆ ಹಂಚಿ ಬರೆದರು. ಅವರು ಇದನ್ನು ನಿಮಗೆ ಹೇಳಲಿಲ್ಲವೆಂದು ಕಾಣುತ್ತದೆ.

ತೆಗೆಸಿದ್ದು ಮಾತ್ರ ನಿಮಗೆ ಕಂಡಿತು. ಸೇರಿಸಿದ್ದು? ಹಸ್ತಪ್ರತಿಯಲ್ಲಿ ಆ ಹುಡುಗಿ “ನೀನು ಎಲ್ಲಿಗೆ ಹೋಗುತ್ತಿರುವೆ?” ಎಂದು ತಮ್ಮನನ್ನು ಕೇಳುತ್ತಿದ್ದಳು. ಹಿರೇಬೆಣಕಲ್ಲಿನ ಯಾವ ಅಕ್ಕ ಹೀಗೆ ಕೇಳುತ್ತಾಳೆ? “ಎಲ್ಲಿಗೆ ಹೊಂಟಿಯಲೇ?” ಎಂದು ಬರೆಯಿರಿ ಎಂದೆ. “ಮಕ್ಕಳ ಪುಸ್ತಕದಲ್ಲಿ ಹಳ್ಳಿ ಮಾತು ನಡೆಯುತ್ತದೆಯೆ?” ಎಂದು ಲೇಖಕರೇ ಹಿಂಜರಿದರು. ತಿರುಳ್ಗನ್ನಡದ ನಾಡಿನವನು ತನ್ನ ಮನೆಯ ಮಾತಿಗೆ ಅಂಜುವ ಹಾಗೆ ಮಾಡಿದವರು ಯಾರು? ನಾವೇ, ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಹರಿಸಿದವರು. ನೀವೂ ಅದರಲ್ಲಿದ್ದೀರಿ ಎಂದರೆ ಸಿಟ್ಟಾಗಬೇಡಿ.

ಕನ್ನಡದಲ್ಲಿ ಪುಟ್ಟ ಮಕ್ಕಳಿಗೆ ಪದ್ಯಗಳಿವೆ, ದೊಡ್ಡವರಿಗೆ ಕಾದಂಬರಿಗಳಿವೆ. ನಡುವಿನ ವಯಸ್ಸಿನವರು ಇಂಗ್ಲಿಷಿಗೆ ಹೋಗುತ್ತಾರೆ, ಹೋದವರು ಮರಳುವುದು ಅಪರೂಪ. ಒಬ್ಬ ಲೇಖಕನ ಜೊತೆ ಎರಡು ವರ್ಷ ಕೂತು ಐದು ಸಂಪುಟಗಳ ಕಥೆ ಬೆಳೆಸುವ ಸಂಬಳದ ಸಂಪಾದಕನನ್ನು ಇಟ್ಟುಕೊಂಡ ಪ್ರಕಾಶನವನ್ನು ನಾನಂತೂ ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ನೋಡಿಲ್ಲ. ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಸ್ತಕಕ್ಕೆ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ನೂರು ಪುಟ ಇಳಿಸಿ ಕಥೆಗೆ ಜೀವ ತುಂಬಿದವನು ಆ ಲೆಕ್ಕದಲ್ಲಿ ನಷ್ಟ ಮಾಡಿದವನು! ಇದು ಗೊತ್ತಿರುವ ಪ್ರಕಾಶಕ ಸಂಪಾದಕನನ್ನು ಯಾಕೆ ಕರೆಯುತ್ತಾನೆ? ಬಿಡುಗಡೆ ಸಮಾರಂಭದಲ್ಲಿ ಮುನ್ನುಡಿ ಬರೆದವರಿಗೆ, ಬೆನ್ನುಡಿ ಬರೆದವರಿಗೆ, ಮುಖಪುಟದವರಿಗೆ ಶಾಲು ಹೊದಿಸುತ್ತಾರೆ. ಹಸ್ತಪ್ರತಿಯನ್ನು ಮೂರು ಸಲ ಓದಿದವರಿದ್ದರೆ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಅವ್ವ ಜೋಳ ಬೀಸಾಕ ಕಳಿಸುವ ಮುಂಚೆ ಮೊರ ಹಿಡಿದು ಹಸನು ಮಾಡುತ್ತಿದ್ದಳು. ಹರಳು ಆಯ್ದು ಎಸೆಯುವಾಗ ಒಂದೊಂದು ಕಾಳೂ ಜೊತೆಗೆ ಹೋಗುತ್ತಿತ್ತು. ನನ್ನ ಕೈಯಿಂದಲೂ ಹೋಗಿದೆ. ಏಳನೆಯ ಕಂತಿನಲ್ಲಿ ಪುಟ ಹೆಚ್ಚಾಯಿತೆಂದು ಹುಡುಗಿಯ ಆಯಿ ಕೌದಿ ಹೊಲಿಯುತ್ತ ಹಾಡುವ ಭಾಗ ತೆಗೆದೆ. ಇಂಗ್ಲೆಂಡಿನ ಸಂಪಾದಕರೂ ಹ್ಯಾರಿಯ ಮೊದಲ ಪುಸ್ತಕದ ಒಂದು ಅಧ್ಯಾಯ ಉದ್ದವಾಯಿತೆಂದು ಸಹಪಾಠಿ ಡೀನ್ ಕಪ್ಪು ಹುಡುಗ ಎಂಬ ವರ್ಣನೆ ಕತ್ತರಿಸಿದ್ದರು. ಅಮೆರಿಕದ ಪ್ರತಿಯಲ್ಲಿ ಅದು ಉಳಿಯಿತು. ಒಂದು ಸಾಲು, ಆದರೆ ತನ್ನಂಥವನನ್ನು ಪುಸ್ತಕದಲ್ಲಿ ಹುಡುಕುವ ಮಗುವಿಗೆ ಅದು ಎಷ್ಟೋ ದೊಡ್ಡದು. ಆಯಿಯ ಹಾಡು ಪುಸ್ತಕರೂಪದಲ್ಲಿ ಮರಳಿ ಬರುತ್ತದೆ. ಲೇಖಕರಿಗೂ ತಿಳಿಸಿದ್ದೇನೆ.

ಹ್ಯಾರಿ ಪಾಟರ್ ಮಾಲೆಯ ಮೊದಲ ಅಧ್ಯಾಯವನ್ನು ಪ್ರಕಾಶಕರ ಎಂಟು ವರ್ಷದ ಮಗಳು ಓದಿ, ಉಳಿದದ್ದು ಎಲ್ಲಿ ಎಂದು ಅಪ್ಪನನ್ನು ಕಾಡಿದಳು. ನಮಗೂ ಅಂಥ ಓದುಗರು ಬೇಕಾಗಿದ್ದಾರೆ. ಎರಡನೆಯ ಭಾಗದ ಹಸ್ತಪ್ರತಿ ಬಂದಿದೆ. ಜೆರಾಕ್ಸ್ ಮಾಡಿಸಿ ಮುಂದಿನ ಸೋಮವಾರ ಸಿಂಧನೂರಿನ ಬಸ್ಸಿಗೆ ಹಾಕಿಸುತ್ತೇನೆ. ನಿಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ಹಂಚಿರಿ. ಬೇಸರ ಬಂದ ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಲಿ, ನಂಬಿಕೆ ಬರದ ಕಡೆ ಪ್ರಶ್ನೆ ಬರೆಯಲಿ. ಅವರು ಬರೆದದ್ದನ್ನು ನೀವು ತಿದ್ದಬೇಡಿ. ಹಾಗೆಯೇ ಕಳಿಸಿರಿ.

— ಸಂಪಾದಕ, ಕೊಪ್ಪಳ