ಶೆರಿಲ್ ಹುಟ್ಟುಹಬ್ಬದ ಒಗಟಿಗೆ ಆಗಸ್ಟ್ 17 ಏಕೆ ಉತ್ತರವಲ್ಲ?

ಒಗಟಿನ ಉತ್ತರ ಆಗಸ್ಟ್ 17 ಎಂದು ಲೆಕ್ಕ ಹಾಕಿ, ಅದೇಕೆ ತಪ್ಪು ಎಂದು ಕೇಳಿದ್ದೀರಿ. ನಿಮ್ಮ ತರ್ಕ ಕೆಟ್ಟದ್ದಲ್ಲ. ಅದು ಇನ್ನೊಂದು ಒಗಟಿಗೆ ಸರಿಯಾದ ಉತ್ತರ. ಎಡವಿರುವುದು ಒಗಟಿನಲ್ಲಿ ಬರುವ ಆಲ್ಬರ್ಟ್‌ನ ಮೊದಲ ಮಾತಿನಲ್ಲಿ.

ಓದುವ ಉಳಿದವರಿಗಾಗಿ ಒಗಟನ್ನು ಹೇಳಿಬಿಡುತ್ತೇನೆ. ತನ್ನ ಹುಟ್ಟುಹಬ್ಬ ಇವುಗಳಲ್ಲೊಂದು, ಯಾವುದೆಂದು ಹೇಳಿ ಎಂದು ಶೆರಿಲ್ ಹತ್ತು ದಿನಗಳ ಪಟ್ಟಿ ಕೊಡುತ್ತಾಳೆ: ಮೇ 15, 16, 19, ಜೂನ್ 17, 18, ಜುಲೈ 14, 16, ಆಗಸ್ಟ್ 14, 15, 17. ಆಲ್ಬರ್ಟ್‌ಗೆ ತಿಂಗಳು ಮಾತ್ರ, ಬರ್ನಾರ್ಡ್‌ಗೆ ತಾರೀಕು ಮಾತ್ರ ಗುಟ್ಟಾಗಿ ತಿಳಿಸುತ್ತಾಳೆ. ಆಲ್ಬರ್ಟ್: "ನನಗೆ ಗೊತ್ತಿಲ್ಲ, ಆದರೆ ಬರ್ನಾರ್ಡ್‌ಗೂ ಗೊತ್ತಿಲ್ಲ ಎಂಬುದು ನನಗೆ ಗೊತ್ತು." ಬರ್ನಾರ್ಡ್: "ಮೊದಲು ಗೊತ್ತಿರಲಿಲ್ಲ, ಈಗ ಗೊತ್ತಾಯಿತು." ಆಲ್ಬರ್ಟ್: "ಹಾಗಾದರೆ ನನಗೂ ಗೊತ್ತಾಯಿತು." 2015ರ ಏಪ್ರಿಲ್‌ನಲ್ಲಿ ಸಿಂಗಪುರದ ಒಂದು ಗಣಿತ ಒಲಿಂಪಿಯಾಡ್‌ನಿಂದ ಹೊರಬಿದ್ದು ಜಗತ್ತನ್ನೇ ಸುತ್ತಿದ ಪ್ರಶ್ನೆಯಿದು. ಐದನೇ ತರಗತಿಯ ಮಕ್ಕಳದ್ದೆಂದು ಮೊದಲು ಸುದ್ದಿ ಹಬ್ಬಿತ್ತು. ನಿಜಕ್ಕೂ 14-15 ವರ್ಷದವರಿಗೆ ಕೇಳಿದ್ದು. ಅದು ತಿಳಿಯುವಷ್ಟರಲ್ಲಿ ಎಷ್ಟೋ ದೊಡ್ಡವರ ಮಾನ ಹೋಗಿತ್ತು.

ಬರ್ನಾರ್ಡ್‌ಗೆ ಗೊತ್ತಿಲ್ಲವಾದ್ದರಿಂದ ಪಟ್ಟಿಯಲ್ಲಿ ಒಂದೊಂದೇ ಸಲ ಬರುವ 18, 19 ಅಲ್ಲ ಎಂದು ಅವೆರಡನ್ನು ಹೊಡೆದು ಹಾಕಿದಿರಿ. ಜೂನ್‌ನಲ್ಲಿ 17 ಒಂದೇ ಉಳಿಯಿತು; ಆಲ್ಬರ್ಟ್‌ಗೆ ಇನ್ನೂ ಗೊತ್ತಿಲ್ಲವೆಂದು ಅದನ್ನೂ ತೆಗೆದಿರಿ. ಆಗ 17 ಆಗಸ್ಟ್‌ನಲ್ಲಿ ಮಾತ್ರ ಉಳಿಯಿತು. ಬರ್ನಾರ್ಡ್ ತಾನಾಗಿಯೇ "ನನಗೆ ಗೊತ್ತಿಲ್ಲ" ಎಂದು ಮಾತು ಶುರುಮಾಡಿದ್ದರೆ ಇದೇ ಉತ್ತರ. ಆದರೆ ಆ ಹೊತ್ತಿಗೆ ಅವನು ಇನ್ನೂ ಬಾಯಿಯನ್ನೇ ಬಿಟ್ಟಿಲ್ಲ. ಅವನಿಗೆ ಗೊತ್ತಿರಲು ಸಾಧ್ಯವಿಲ್ಲವೆಂದು ಆಲ್ಬರ್ಟ್ ಖಾತ್ರಿ ಮಾಡಿಕೊಂಡದ್ದು ತನಗೆ ತಿಳಿದ ಒಂದು ತಿಂಗಳಿನಿಂದ ಮಾತ್ರ.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಚೀಟಿ ಹಿಡಿದು ಆಡಬೇಕು. ರಜೆಗೆಂದು ಶಿರಸಿಯಿಂದ ಕಾರವಾರಕ್ಕೆ ಬಂದಿದ್ದ ತಂಗಿಯ ಮಕ್ಕಳಿಬ್ಬರಿಗೆ ಹಳೆಯ ಕ್ಯಾಲೆಂಡರ್ ಹರಿದು ಒಂದೊಂದು ಚೀಟಿ ಕೊಟ್ಟಿದ್ದೆ. ಅಕ್ಕನಿಗೆ ಬಂದದ್ದು 'ಮೇ', ತಮ್ಮನಿಗೆ '16'. "ತಮ್ಮನಿಗೆ ಗೊತ್ತೇ ಇಲ್ಲ ಎಂದು ಆಣೆ ಮಾಡಿ ಹೇಳುತ್ತೀಯಾ?" ಎಂದು ಅವಳನ್ನು ಕೇಳಿದೆ. ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋಗಿ ನಿಂತಳು. "ಹೇಗೆ ಹೇಳಲಿ ಮಾವ? ಅವನ ಚೀಟಿಯಲ್ಲಿ 19 ಇದ್ದರೆ?" ತಮ್ಮ ಕುಳಿತಲ್ಲಿಂದಲೇ "ಮೇ 16!" ಎಂದು ಕೂಗಿದ. ಅವಳು ಹೇಳಲಾರದ ಮಾತೇ ಅವಳ ತಿಂಗಳನ್ನು ಬಿಟ್ಟುಕೊಟ್ಟಿತ್ತು.

ಆದ್ದರಿಂದ ಪ್ರತಿ ಮಾತಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಚೀಟಿ ಕೈಯಲ್ಲಿದ್ದವನು ಈ ಮಾತನ್ನು ಧೈರ್ಯವಾಗಿ ಹೇಳಬಲ್ಲ? ಮೇ ಹಿಡಿದವನಿಗೆ 19ರ ಭಯ, ಜೂನ್ ಹಿಡಿದವನಿಗೆ 18ರ ಭಯ. ಹೀಗಾಗಿ ಆ ಎರಡು ತಾರೀಕುಗಳಷ್ಟೇ ಅಲ್ಲ, ಮೇ ಮತ್ತು ಜೂನ್ ತಿಂಗಳುಗಳೇ ಇಡಿಯಾಗಿ ಹೋಗುತ್ತವೆ. ಉಳಿದದ್ದು ಜುಲೈ 14, 16 ಮತ್ತು ಆಗಸ್ಟ್ 14, 15, 17. ಬರ್ನಾರ್ಡ್‌ಗೆ ಈಗ ಗೊತ್ತಾಯಿತೆಂದರೆ ಅವನದ್ದು ಎರಡೂ ಕಡೆ ಇರುವ 14 ಅಲ್ಲ. ಆಲ್ಬರ್ಟ್‌ಗೂ ಗೊತ್ತಾಯಿತೆಂದರೆ ಎರಡು ತಾರೀಕು ಉಳಿದಿರುವ ಆಗಸ್ಟ್ ಅಲ್ಲ. ಜುಲೈ 16.

ನಮ್ಮ ಬೈತಖೋಲ್ ಬಂದರಿನ ಮೀನು ಹರಾಜಿನಲ್ಲಿ ನಿಂತವರಿಗೆ ಈ ವಿದ್ಯೆ ಹೊಸದೇನಲ್ಲ. ಪಳಗಿದ ವ್ಯಾಪಾರಿ ಕೂಗುವುದನ್ನು ನಿಲ್ಲಿಸಿದರೆ ಸಾಕು, ಬುಟ್ಟಿಯ ತಳದಲ್ಲಿ ಎಂಥ ಮೀನಿದೆಯೆಂದು ಪಕ್ಕದವನು ಬಗ್ಗಿ ನೋಡದೆಯೇ ಅಂದಾಜು ಮಾಡುತ್ತಾನೆ. ಅದು ಅಂದಾಜು ಅಷ್ಟೇ. ಒಗಟಿನಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಯಾರೂ ಲೆಕ್ಕ ತಪ್ಪುವುದಿಲ್ಲ ಎಂಬ ಕರಾರು ಇರುವುದರಿಂದಲೇ ಖಚಿತವಾದ ಉತ್ತರ ಸಿಗುತ್ತದೆ.

ಇದು ಹಿಡಿಸಿದರೆ ಇದರ ಹಿರಿಯಣ್ಣನನ್ನು ಎತ್ತಿಕೊಳ್ಳಿ. ಡಚ್ ಗಣಿತಜ್ಞ ಹಾನ್ಸ್ ಫ್ರಾಯ್ಡೆಂಥಾಲ್ 1969ರಲ್ಲಿ ಕೇಳಿದ್ದು. 1ಕ್ಕಿಂತ ದೊಡ್ಡದಾದ ಎರಡು ಬೇರೆ ಬೇರೆ ಪೂರ್ಣಾಂಕಗಳು, ಅವುಗಳ ಮೊತ್ತ 100ನ್ನು ಮೀರುವುದಿಲ್ಲ. ಒಬ್ಬನಿಗೆ ಗುಣಲಬ್ಧ ಗೊತ್ತು, ಇನ್ನೊಬ್ಬನಿಗೆ ಮೊತ್ತ. ಗುಣಲಬ್ಧದವನು "ನನಗೆ ಸಂಖ್ಯೆಗಳು ಗೊತ್ತಿಲ್ಲ" ಎನ್ನುತ್ತಾನೆ. "ನಿನಗೆ ಗೊತ್ತಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು" ಎನ್ನುತ್ತಾನೆ ಮೊತ್ತದವನು. "ಹಾಗಾದರೆ ನನಗೆ ಈಗ ಗೊತ್ತಾಯಿತು", "ನನಗೂ". ಉತ್ತರ 4 ಮತ್ತು 13. ಮೊತ್ತವನ್ನು ಎರಡು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಲು ಬರುವಂತಿದ್ದರೆ ಮೊತ್ತದವನು "ಮೊದಲೇ ಗೊತ್ತಿತ್ತು" ಎಂಬ ಮಾತನ್ನು ಆಡುವ ಧೈರ್ಯ ಮಾಡುತ್ತಿರಲಿಲ್ಲ, ಅಲ್ಲಿಂದ ಶುರುಮಾಡಿ.