ಲೇವರ್‌ಗೆ 11, ಜೊಕೊವಿಚ್‌ಗೆ 24

ಟೆನಿಸ್‌ನಲ್ಲಿ 11 ಗ್ರ್ಯಾಂಡ್ ಸ್ಲಾಮ್ (ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್ ಎಂಬ ನಾಲ್ಕು ದೊಡ್ಡ ಟೂರ್ನಿಗಳ) ಸಿಂಗಲ್ಸ್ ಪ್ರಶಸ್ತಿ ಗೆದ್ದ ಆಸ್ಟ್ರೇಲಿಯಾದ ರಾಡ್ ಲೇವರ್ ಹೆಸರನ್ನು 24 ಗೆದ್ದ ಜೊಕೊವಿಚ್ ಪಕ್ಕದಲ್ಲಿ ಯಾಕೆ ಇಡುತ್ತಾರೆ ಅಂತ ಕೇಳಿದ್ದೀರಿ. ಸುಮ್ನೆ ಹಳೇ ಕಾಲದ ಅಭಿಮಾನಕ್ಕಲ್ಲ.

ಆಗ ದುಡ್ಡಿಗಾಗಿ ಆಡುವವರನ್ನು ಈ ಟೂರ್ನಿಗಳ ಒಳಗೆ ಬಿಡುತ್ತಿರಲಿಲ್ಲ. 1962ರಲ್ಲಿ ನಾಲ್ಕನ್ನೂ ಗೆದ್ದ ಲೇವರ್ ವೃತ್ತಿಪರರಾದರು. ಬಾಗಿಲು ಮುಚ್ಚಿತು. 1968ರಲ್ಲಿ ಮತ್ತೆ ತೆರೆಯುವಷ್ಟರಲ್ಲಿ 21 ಟೂರ್ನಿಗಳು ಕೈತಪ್ಪಿದ್ದವು. ಆದರೂ 1969ರಲ್ಲಿ ಮತ್ತೆ ನಾಲ್ಕಕ್ಕೆ ನಾಲ್ಕು! ಆಮೇಲೆ ಪುರುಷರ ಸಿಂಗಲ್ಸ್‌ನಲ್ಲಿ ಒಂದೇ ವರ್ಷದಲ್ಲಿ ಇದು ಯಾರಿಗೂ ಆಗಿಲ್ಲ. ಜೊಕೊವಿಚ್ 2021ರಲ್ಲಿ ಮೂರು ಗೆದ್ದು, ಯುಎಸ್ ಓಪನ್ ಫೈನಲ್‌ನಲ್ಲಿ ಮೆಡ್ವೆಡೆವ್‌ಗೆ ಸೋತರು. ಕೊನೆಯ ಗೇಮ್‌ಗೆ ಮುಂಚೆ ಕುರ್ಚಿಯಲ್ಲಿ ಕೂತು ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಅತ್ತರು, ನೆನಪಿದೆ ಅಲ್ವಾ?

ಹಾಗಂತ ಕಳೆದುಹೋದ 21ರಲ್ಲಿ ಅರ್ಧ ಲೇವರ್‌ದೇ ಅನ್ನುವುದೂ ಜಾಸ್ತಿಯಾಯಿತು. 1963ರಲ್ಲಿ ವೃತ್ತಿಪರರ ಜೊತೆ ಆಡಲು ಶುರು ಮಾಡಿದಾಗ ಆಗಲೇ ವೃತ್ತಿಪರರಾಗಿದ್ದ ರೋಸ್‌ವಾಲ್, ಹೋಡ್ ಇಬ್ಬರೂ ಅವರನ್ನು ಮೇಲಿಂದ ಮೇಲೆ ಸೋಲಿಸಿದರು. ಅಂದರೆ 1962ರಲ್ಲಿ ಅತಿ ಗಟ್ಟಿ ಎದುರಾಳಿಗಳು ವೃತ್ತಿಪರರಾಗಿ ಹೊರಗಿದ್ದರು, ಅಲ್ಲಿ ಇರಲೇ ಇಲ್ಲ. ಜೊತೆಗೆ ಆಗ ನಾಲ್ಕರಲ್ಲಿ ಮೂರು ಟೂರ್ನಿ ಹುಲ್ಲಿನ ಅಂಕಣದಲ್ಲೇ, ಅಂದರೆ ಒಂದೇ ಬಗೆಯ ನೆಲದ ಮೇಲೆ, ನಡೆಯುತ್ತಿದ್ದವು.

ನನ್ನ ಮತ ಜೊಕೊವಿಚ್‌ಗೆ. ನಾಲ್ಕು ಟೂರ್ನಿಗಳನ್ನೂ ಕನಿಷ್ಠ ಮೂರು ಸಲ ಗೆದ್ದಿದ್ದಾರೆ. ಮುಖಾಮುಖಿ ಪಂದ್ಯಗಳಲ್ಲಿ ನಡಾಲ್ ಎದುರು 31-29, ಫೆಡರರ್ ಎದುರು 27-23 ಮುಂದಿದ್ದಾರೆ. ಇದನ್ನು ಬರೆಯುತ್ತಿರುವುದು ಫೆಡರರ್ ಅಭಿಮಾನಿ! 2019ರ ವಿಂಬಲ್ಡನ್ ಫೈನಲ್, ಎದುರಿಗೆ ಜೊಕೊವಿಚ್, ಐದನೇ ಸೆಟ್, 8-7, 40-15, ಸರ್ವ್ ಫೆಡರರ್‌ದೇ. ಗೆಲ್ಲಲು ಒಂದು ಪಾಯಿಂಟ್ ಸಾಕಿತ್ತು ಮಾರಾಯ್ರೇ, ಆದರೂ ಗೆದ್ದದ್ದು ಜೊಕೊವಿಚ್.